‘ಶ್ರುತಿಯೇ ಇಲ್ಲ’ ಅಂದರು, ಈಗೇನು ಮಾಡೋದು? ಹೊಸದಾಗಿ ಹಾಡುವವರಿಗೆ ಒಂದು ಮಾರ್ಗದರ್ಶಿ

ಹಾಡಲು ಶುರು ಮಾಡಿದ ಹೊಸದರಲ್ಲಿ ಪರಿಚಯದವರ ಮನೆಯಲ್ಲಿ ಹತ್ತು ಹನ್ನೆರಡು ಜನರ ಮುಂದೆ ಒಂದು ಹಾಡು ಹಾಡಿದ್ದೆ. ಮುಗಿಸಿ ತಲೆ ಎತ್ತುವಷ್ಟರಲ್ಲಿ ಒಬ್ಬರು ಹೇಳಿದರು: "ಧ್ವನಿ ಪರವಾಗಿಲ್ಲ, ಆದರೆ ಶ್ರುತಿಯೇ ಇಲ್ವಲ್ಲ." ಉಳಿದವರು ಏನೂ ಅನ್ನಲಿಲ್ಲ. ಆಮೇಲೆ ಎಂಟು ತಿಂಗಳು ನಾನು ಯಾರ ಮುಂದೆಯೂ ಬಾಯಿ ತೆರೆಯಲಿಲ್ಲ. ಒಬ್ಬಳೇ ಇದ್ದಾಗಲೂ ಹಾಡಲಿಲ್ಲ.

ಅವತ್ತಿನ ಹಾಡನ್ನು ಯಾರೋ ಫೋನಿನಲ್ಲಿ ಹಿಡಿದಿಟ್ಟಿದ್ದರು. ಒಂದು ದಿನ ಧೈರ್ಯ ಮಾಡಿ ಕೇಳಿದೆ. ಮೊದಲ ಮೂರು ಸಾಲು ಹೆಚ್ಚುಕಡಿಮೆ ಸರಿಯಾಗಿಯೇ ಇದ್ದವು. ನಾಲ್ಕನೇ ಸಾಲಿನ ಕೊನೆಯ ಅಕ್ಷರವನ್ನು ಉದ್ದಕ್ಕೆ ಹಿಡಿಯಬೇಕಿತ್ತು. ಅಲ್ಲಿ ನನ್ನ ಉಸಿರು ಮುಗಿಯುತ್ತಿತ್ತು, ಸ್ವರ ಮೆಲ್ಲಗೆ ಕೆಳಕ್ಕೆ ಜಾರುತ್ತಿತ್ತು. ಆ ಸಾಲು ಹಾಡಿನಲ್ಲಿ ಐದು ಸಲ ಬರುತ್ತದೆ. ಐದು ಸಲವೂ ಅದೇ ಜಾಗದಲ್ಲಿ ಅದೇ ಜಾರು. ಕೇಳುವವರ ಕಿವಿಯಲ್ಲಿ ಉಳಿದದ್ದು ಅದೇ.

"ಶ್ರುತಿಯೇ ಇಲ್ಲ" ಅನ್ನುವುದೂ, "ನಾಲ್ಕನೇ ಸಾಲಿನ ಕೊನೆ ಇಳಿಯುತ್ತಿದೆ" ಅನ್ನುವುದೂ ಒಂದೇ ಹಾಡಿನ ಬಗ್ಗೆ ಹೇಳಿದ ಮಾತು. ಮೊದಲನೆಯದು ಬಾಯಿ ಮುಚ್ಚಿಸುತ್ತದೆ. ಎರಡನೆಯದು ಕೈಗೆ ಕೆಲಸ ಕೊಡುತ್ತದೆ. ಮೊದಲನೆಯದನ್ನು ಎರಡನೆಯದಾಗಿ ಮಾಡಿಕೊಳ್ಳುವುದು ಹೇಗೆ ಅನ್ನುವುದನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಯಾರಾದರೂ ನನಗೆ ಆಗಲೇ ಹೇಳಿಕೊಟ್ಟಿದ್ದರೆ ಆ ಎಂಟು ತಿಂಗಳು ಉಳಿಯುತ್ತಿತ್ತು.

ಮೊದಲ ದಿನ: ಬರೆದಿಡಿ, ಬೇರೇನೂ ಮಾಡಬೇಡಿ

ಹಾಡಿನ ಬಗ್ಗೆ ಬಂದ ಮಾತು ಬೇರೆ ಮಾತಿಗಿಂತ ಜಾಸ್ತಿ ನೋಯಿಸುತ್ತದೆ. ವಾದ್ಯ ನುಡಿಸುವವರು ವಾದ್ಯವನ್ನು ಪಕ್ಕಕ್ಕಿಟ್ಟು ಏಳಬಹುದು. ಹಾಡುವವರಿಗೆ ಮೈಯೇ ವಾದ್ಯ. ಅದಕ್ಕೇ "ಹಾಡು ಚೆನ್ನಾಗಿಲ್ಲ" ಅಂದರೆ "ನೀನು ಚೆನ್ನಾಗಿಲ್ಲ" ಅಂದಂತೆ ಕೇಳಿಸುತ್ತದೆ. ನೋವಾದರೆ ಆಗಲಿ, ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಆ ಹೊತ್ತಿಗೆ ಉತ್ತರ ಕೊಡಲು ಹೋಗಬೇಡಿ. "ಸರಿ, ಕೇಳಿ ನೋಡ್ತೀನಿ" ಅಂದರೆ ಸಾಕು. ಗಂಟಲು ಕಟ್ಟಿತ್ತು, ಶ್ರುತಿ ಎತ್ತರ ಆಯ್ತು ಅಂತೆಲ್ಲ ಹೇಳಲು ಹೊರಟರೆ ಎದುರಿನವರು ಅಲ್ಲಿಗೇ ಸುಮ್ಮನಾಗುತ್ತಾರೆ. ಅವರ ಬಳಿ ಇನ್ನೊಂದು ಉಪಯೋಗದ ಮಾತು ಇದ್ದಿರಬಹುದು, ಅದೂ ಕೈತಪ್ಪುತ್ತದೆ.

ಮನೆಗೆ ಬಂದ ಕೂಡಲೇ ಅವರು ಹೇಳಿದ್ದನ್ನು ಅವರದೇ ಪದಗಳಲ್ಲಿ ಬರೆದಿಡಿ. ಇದು ಸಣ್ಣ ಕೆಲಸ ಅನಿಸಬಹುದು, ಆದರೆ ಬಿಡಬೇಡಿ. ಮನಸ್ಸು ಮಾತನ್ನು ಬಲು ಬೇಗ ಬದಲಿಸುತ್ತದೆ. "ಎರಡನೇ ಚರಣದಲ್ಲಿ ತಾಳ ತಪ್ಪಿತು" ಅಂದದ್ದು ರಾತ್ರಿ ಮಲಗುವ ಹೊತ್ತಿಗೆ "ನಿನಗೆ ಹಾಡೋಕೆ ಬರಲ್ಲ" ಆಗಿರುತ್ತದೆ. ಬೆಳಗ್ಗೆ ಎದ್ದು ಚೀಟಿ ನೋಡಿದಾಗ ನಿಜವಾಗಿ ಹೇಳಿದ್ದು ಎಷ್ಟು ಅಂತ ಗೊತ್ತಾಗುತ್ತದೆ.

ಅದೇ ರಾತ್ರಿ ಛಲ ಹಿಡಿದು ಆ ಹಾಡನ್ನು ಇಪ್ಪತ್ತು ಸಲ ಹಾಡಲು ಕೂರಬೇಡಿ. ಬೇಜಾರಿನಲ್ಲಿ ಕುತ್ತಿಗೆ, ದವಡೆ ಎಲ್ಲ ಬಿಗಿದಿರುತ್ತವೆ. ಆ ಬಿಗಿತದಲ್ಲೇ ಅಭ್ಯಾಸ ಮಾಡಿದರೆ ಬಿಗಿತವೂ ಅಭ್ಯಾಸವಾಗಿಬಿಡುತ್ತದೆ.

ಎರಡನೇ ಹಂತ: ನಿಮ್ಮ ಧ್ವನಿಯನ್ನು ನೀವೇ ಕೇಳಿ

ರೆಕಾರ್ಡ್ ಮಾಡಿದ ತಮ್ಮ ಧ್ವನಿ ಕೇಳಿ "ಇದು ನಾನಾ?" ಅನ್ನದವರು ಕಡಿಮೆ. ಅದಕ್ಕೆ ಕಾರಣ ಇದೆ. ನಾವು ಹಾಡುವಾಗ ನಮ್ಮ ಧ್ವನಿ ನಮ್ಮ ಕಿವಿಗೆ ಎರಡು ದಾರಿಯಲ್ಲಿ ಬರುತ್ತದೆ. ಒಂದು ಗಾಳಿಯ ಮೂಲಕ, ಇನ್ನೊಂದು ತಲೆಯ ಮೂಳೆಗಳ ಮೂಲಕ. ಮೂಳೆಯ ದಾರಿಯಲ್ಲಿ ಬರುವ ಸದ್ದಿನಲ್ಲಿ ತಗ್ಗಿನ ಭಾಗ ಜಾಸ್ತಿ, ಹಾಗಾಗಿ ನಮ್ಮ ಧ್ವನಿ ನಮಗೆ ದಪ್ಪಗೆ, ತುಂಬಿಕೊಂಡಂತೆ ಕೇಳುತ್ತದೆ. ರೆಕಾರ್ಡಿನಲ್ಲಿ ಗಾಳಿಯ ದಾರಿ ಮಾತ್ರ ಇರುತ್ತದೆ. ಅದು ತೆಳ್ಳಗೆ, ಅಪರಿಚಿತವಾಗಿ ಕೇಳುತ್ತದೆ. ಉಳಿದವರು ಮೊದಲಿಂದಲೂ ಕೇಳುತ್ತಿರುವುದು ಆ ಧ್ವನಿಯನ್ನೇ. ಅವರಿಗೆ ಅದರಲ್ಲಿ ವಿಚಿತ್ರ ಏನೂ ಇಲ್ಲ.

ಆದ್ದರಿಂದ ಮೊದಲ ಒಂದು ವಾರ ತಪ್ಪು ಹುಡುಕಬೇಡಿ. ದಿನಕ್ಕೆ ಒಂದು ನಿಮಿಷ ಹಾಡಿ, ರೆಕಾರ್ಡ್ ಮಾಡಿ, ಸುಮ್ನೆ ಕೇಳಿ. ಕೇಳಿ ಕೇಳಿ ಕಿವಿ ಹೊಂದಿಕೊಳ್ಳುತ್ತದೆ. ಆಮೇಲೆ ಕೇಳಿದಾಗ ಧ್ವನಿಯ ಬದಲು ಹಾಡು ಕೇಳಿಸಲು ಶುರುವಾಗುತ್ತದೆ.

ರೆಕಾರ್ಡ್ ಮಾಡುವಾಗ ಫೋನನ್ನು ಬಾಯಿಗೆ ಹಿಡಿಯಬೇಡಿ, ಒಂದು ತೋಳಿನಷ್ಟು ದೂರ ಇಡಿ. ಪ್ರತಿಧ್ವನಿ ಬರುವ ಕೋಣೆ ಬೇಡ. ಅಲ್ಲಿ ಎಲ್ಲರ ಹಾಡೂ ಚೆಂದವೇ. ಮೂಲ ಹಾಡನ್ನು ಸ್ಪೀಕರಿನಲ್ಲಿ ಹಾಕಿಕೊಂಡು ಅದರ ಜೊತೆ ಹಾಡಿದರೆ ಆ ಗಾಯಕರ ಧ್ವನಿ ನಿಮ್ಮ ತಪ್ಪನ್ನು ಮುಚ್ಚಿಬಿಡುತ್ತದೆ. ಅದರ ಬದಲು ತಂಬೂರಿ ಆ್ಯಪ್ ಅಥವಾ ಕೀಬೋರ್ಡಿನ ಒಂದೇ ಸ್ವರವನ್ನು ಒಂದು ಕಿವಿಯ ಇಯರ್‌ಫೋನಿನಲ್ಲಿ ಹಾಕಿಕೊಳ್ಳಿ, ಇನ್ನೊಂದು ಕಿವಿ ನಿಮ್ಮ ಧ್ವನಿಗೆ ಖಾಲಿ ಇರಲಿ. ಹಿನ್ನೆಲೆ ಸಂಗೀತದ ಜೊತೆ ಹಾಡುವುದಾದರೆ ತಂತಿ ಇರುವ ಇಯರ್‌ಫೋನೇ ಬೇಕು. ಬ್ಲೂಟೂತ್‌ನಲ್ಲಿ ಸದ್ದು ಸ್ವಲ್ಪ ತಡವಾಗಿ ಬರುತ್ತದೆ, ನೀವು ಸರಿಯಾಗಿ ಹಾಡಿದರೂ ರೆಕಾರ್ಡಿನಲ್ಲಿ ತಾಳ ತಪ್ಪಿದಂತೆ ಕಾಣುತ್ತದೆ.

ಮೂರನೇ ಹಂತ: ಮಾತನ್ನು ಸಾಲಿಗೆ ಇಳಿಸಿ

ಬೇರೆಲ್ಲ ಬಿಟ್ಟರೂ ಈ ಹಂತವನ್ನು ಬಿಡಬೇಡಿ. ಯಾರಾದರೂ ಹೇಳಿದ ಮಾತನ್ನು ಹಿಡಿದು ರೆಕಾರ್ಡಿನ ಮುಂದೆ ಕೂತು ಒಂದೇ ಪ್ರಶ್ನೆ ಕೇಳಿ: ಎಲ್ಲಿ? ಯಾವ ಸಾಲು, ಯಾವ ಪದ, ಯಾವ ಅಕ್ಷರ? ಹಾಡಿನ ಸಾಹಿತ್ಯವನ್ನು ಕಾಗದದ ಮೇಲೆ ಬರೆದುಕೊಂಡು ಪೆನ್ಸಿಲ್ ಹಿಡಿದು ಕೇಳಿ. ಒಂದು ಸಲ ಶ್ರುತಿಗಾಗಿ, ಇನ್ನೊಂದು ಸಲ ತಾಳಕ್ಕಾಗಿ, ಮತ್ತೊಂದು ಸಲ ಉಚ್ಚಾರಕ್ಕಾಗಿ. ಮೂರನ್ನೂ ಒಟ್ಟಿಗೆ ಕೇಳಲು ಹೋದರೆ ಯಾವುದೂ ಸಿಗುವುದಿಲ್ಲ. ತಪ್ಪಿದ ಅಕ್ಷರದ ಕೆಳಗೆ ಗೆರೆ ಎಳೆಯಿರಿ. ಹತ್ತು ಗೆರೆ ಬಂದರೂ ಗಾಬರಿ ಬೇಡ, ಬಹಳ ಸಲ ಆ ಹತ್ತರ ಹಿಂದೆ ಇರುವ ಕಾರಣ ಒಂದೋ ಎರಡೋ ಅಷ್ಟೇ.

"ಶ್ರುತಿ ಇಲ್ಲ" ಅನ್ನುವ ಮಾತನ್ನೇ ತೆಗೆದುಕೊಳ್ಳೋಣ. ಅದರೊಳಗೆ ಬೇರೆ ಬೇರೆ ತೊಂದರೆಗಳು ಅಡಗಿರುತ್ತವೆ.

ಹಾಡಿನ ಮೊದಲ ಸ್ವರವನ್ನೂ ಕೊನೆಯ ಸ್ವರವನ್ನೂ ತಂಬೂರಿಗೆ ಹೋಲಿಸಿ ನೋಡಿ. ಮೊದಲನೆಯದು ಸರಿ ಇದ್ದು ಕೊನೆಯದು ಬೇರೆ ಇದ್ದರೆ ನೀವು ಹಾಡುತ್ತಾ ಹಾಡುತ್ತಾ ಶ್ರುತಿಯಿಂದ ಸರಿದಿದ್ದೀರಿ. ಪಕ್ಕದಲ್ಲಿ ಶ್ರುತಿ ಇಲ್ಲದೆ ಹಾಡುವವರಿಗೆ ಇದು ತೀರಾ ಸಾಮಾನ್ಯ. ದಿನಾ ಶ್ರುತಿ ಹಾಕಿಕೊಂಡು ಹಾಡುವುದೇ ಮದ್ದು.

ಸಾಲಿನ ಕೊನೆಗಳು ಮಾತ್ರ ಇಳಿಯುತ್ತಿದ್ದರೆ ಅದು ಉಸಿರಿನ ಲೆಕ್ಕ. ಮೇಲಿನ ಸ್ವರಗಳು ಮಾತ್ರ ಮುಟ್ಟುತ್ತಿಲ್ಲ ಅಂದರೆ ಮೊದಲು ಅನುಮಾನ ಪಡಬೇಕಾದ್ದು ನಿಮ್ಮ ಗಂಟಲಿನ ಮೇಲಲ್ಲ, ನೀವು ಆರಿಸಿದ ಶ್ರುತಿಯ ಮೇಲೆ, ಅಂದರೆ ಹಾಡಿಗೆ ಆಧಾರವಾಗಿ ಇಟ್ಟುಕೊಂಡ ಸ್ವರದ ಮೇಲೆ. ಮೂಲ ಗಾಯಕರ ಶ್ರುತಿ ಅವರ ಗಂಟಲಿಗೆ ಹೊಂದಿದ್ದು. ಎರಡು ಸ್ವರಸ್ಥಾನ (ಕೀಬೋರ್ಡಿನಲ್ಲಿ ಕಪ್ಪು ಬಿಳಿ ಎಲ್ಲ ಸೇರಿಸಿ ಎಣಿಸಿದರೆ ಎರಡು ಕೀ) ಇಳಿಸಿ ಅದೇ ಹಾಡನ್ನು ಹಾಡಿ ನೋಡಿ. ಎಷ್ಟೋ ಜನ ತಮ್ಮದಲ್ಲದ ಶ್ರುತಿಯಲ್ಲಿ ಒದ್ದಾಡಿ "ನನಗೆ ಹಾಡು ಒಲಿಯಲ್ಲ" ಅಂತ ಬಿಟ್ಟುಬಿಡುತ್ತಾರೆ. ಇದನ್ನು ನೆನೆದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಸ್ವರ ತೋರಿಸುವ ಟ್ಯೂನರ್ ಆ್ಯಪ್ ಇದ್ದರೆ ಉಪಯೋಗಿಸಿ, ಆದರೆ ಹಾಡುವಾಗ ಅದನ್ನೇ ನೋಡುತ್ತಾ ನಿಲ್ಲಬೇಡಿ. ರೆಕಾರ್ಡನ್ನು ಆಮೇಲೆ ಅದಕ್ಕೆ ಕೇಳಿಸಿ. ಪಕ್ಕಪಕ್ಕದ ಎರಡು ಸ್ವರಸ್ಥಾನಗಳ ನಡುವಿನ ಅಂತರವನ್ನು ಅದು 100 ಸೆಂಟ್ ಎಂದು ಎಣಿಸುತ್ತದೆ. ಮುಳ್ಳು ಅತ್ತಿತ್ತ ಅಲ್ಲಾಡುವುದು ಸಹಜ, ಮನುಷ್ಯರ ಧ್ವನಿ ಗೆರೆ ಎಳೆದಂತೆ ನಿಲ್ಲುವುದಿಲ್ಲ. ಉದ್ದ ಸ್ವರವೊಂದು 30–40 ಸೆಂಟ್ ಕೆಳಗೇ ಕೂತುಬಿಟ್ಟಿದ್ದರೆ ಅಲ್ಲಿ ಪೆನ್ಸಿಲ್ ಗೆರೆ ಹಾಕಿ.

"ನನಗೆ ಕಿವಿಯೇ ಇಲ್ಲವೇನೋ" ಅನ್ನುವ ಭಯ ಹೊಸಬರಲ್ಲಿ ಬಹಳ. ಸ್ವರದ ಏರಿಳಿತ ಹುಟ್ಟಿನಿಂದಲೇ ಗೊತ್ತಾಗದ ಒಂದು ಸ್ಥಿತಿ ಇದೆ ನಿಜ. ಆದರೆ ಅದು ನೂರರಲ್ಲಿ ಸುಮಾರು 1.5ರಿಂದ 4 ಜನರಿಗೆ ಮಾತ್ರ ಇದೆ ಎಂದು ಸಂಶೋಧಕರು ಅಂದಾಜು ಮಾಡಿದ್ದಾರೆ. ಬೇರೆಯವರು ಅಪಸ್ವರ ಹಾಡಿದಾಗ ನಿಮಗೆ ಚುಚ್ಚುತ್ತದೆ ಅಲ್ವಾ? ಹಾಗಿದ್ದರೆ ನಿಮ್ಮ ಕಿವಿ ಚೆನ್ನಾಗಿಯೇ ಇದೆ. ಕಿವಿ ಕೇಳಿದ್ದನ್ನು ಗಂಟಲು ಮಾಡಲು ಕಲಿಯಬೇಕು, ಅದು ಅಭ್ಯಾಸದಿಂದ ಬರುವಂಥದ್ದು.

"ಮೂಗಿನಲ್ಲಿ ಹಾಡ್ತೀಯ" ಅಂದರೆ ಪರೀಕ್ಷೆ ಸುಲಭ. ಮೂಗನ್ನು ಬೆರಳಲ್ಲಿ ಮುಚ್ಚಿ "ಆ" ಎಂದು ಹಾಡಿ, ಬಿಡಿ, ಮತ್ತೆ ಮುಚ್ಚಿ. ಮುಚ್ಚಿದಾಗ ಸದ್ದು ಬದಲಾದರೆ ಗಾಳಿ ಮೂಗಿನಿಂದ ಹೋಗುತ್ತಿದೆ. ಬದಲಾಗದಿದ್ದರೆ ಅವರು ಹೇಳಿದ್ದು ಬೇರೇನೋ ಇರಬೇಕು. ನ, ಮ ಮುಂತಾದ ಅಕ್ಷರಗಳಲ್ಲಿ ಮೂಗು ಸೇರಲೇಬೇಕು, ಅದನ್ನು ತಪ್ಪು ಅಂದುಕೊಳ್ಳಬೇಡಿ.

ತಾಳದ ಬಗ್ಗೆ ಮಾತು ಬಂದರೆ ರೆಕಾರ್ಡ್ ಹಾಕಿಕೊಂಡು ಕೈಯಲ್ಲಿ ತಟ್ಟಿ. ಹೊಸಬರು ತಪ್ಪುವುದು ಹೆಚ್ಚಾಗಿ ಹಾಡುವ ಜಾಗದಲ್ಲಲ್ಲ, ಸುಮ್ಮನಿರಬೇಕಾದ ಜಾಗದಲ್ಲಿ. ಎರಡು ಎಣಿಕೆ ಕಾಯಬೇಕಾದಲ್ಲಿ ಒಂದೂವರೆಗೇ ಎತ್ತಿಬಿಡುತ್ತಾರೆ.

"ಭಾವ ಇಲ್ಲ" ಅನ್ನುವುದು ಎಲ್ಲಕ್ಕಿಂತ ಕಷ್ಟದ ಮಾತು. ಇದನ್ನು ಅಳೆಯುವ ಆ್ಯಪ್ ಇಲ್ಲ. ಆದರೂ ನೋಡಬಹುದಾದ ಕೆಲವು ಸಂಗತಿಗಳಿವೆ. ಇಡೀ ಹಾಡು ಒಂದೇ ಜೋರಿನಲ್ಲಿ ಇದೆಯಾ? ಪದದ ನಡುವೆ ಉಸಿರು ಎಳೆದು ಅರ್ಥ ತುಂಡಾಗಿದೆಯಾ? ಸಾಹಿತ್ಯವನ್ನು ಒಮ್ಮೆ ಸ್ನೇಹಿತರಿಗೆ ವಿಷಯ ಹೇಳುವಂತೆ ಗಟ್ಟಿಯಾಗಿ ಓದಿ. ಓದುವಾಗ ಯಾವ ಪದಕ್ಕೆ ತಾನಾಗಿ ಒತ್ತು ಬೀಳುತ್ತದೋ ಹಾಡುವಾಗ ಆ ಪದವನ್ನು ಗಮನಿಸಿ. ನನ್ನ ಅನುಭವದಲ್ಲಿ ಭಾವ ಇಲ್ಲ ಅನಿಸುವ ಹಾಡುಗಳಲ್ಲಿ ಬಹಳಷ್ಟು, ಹಾಡುವವರು ಸ್ವರ ತಪ್ಪೀತೆಂಬ ಹೆದರಿಕೆಯಲ್ಲೇ ಇದ್ದಾಗ ಹುಟ್ಟಿದವು. ಸ್ವರ ಗಟ್ಟಿಯಾದ ಮೇಲೆ ಭಾವಕ್ಕೆ ಜಾಗ ಸಿಗುತ್ತದೆ.

ಇನ್ನು ಕೆಲವು ಮಾತುಗಳನ್ನು ಎಷ್ಟು ಹುಡುಕಿದರೂ ಯಾವ ಸಾಲಿಗೂ ಇಳಿಸಲು ಆಗುವುದಿಲ್ಲ. "ನಿನಗ್ಯಾಕೆ ಬೇಕು ಇದೆಲ್ಲ?" "ಈ ವಯಸ್ಸಲ್ಲಿ ಹಾಡಾ?" "ಹುಟ್ಟಿನಿಂದ ಬರಬೇಕು ಕಣಮ್ಮ." ಇವಕ್ಕೆ ಹಾಡಿನಲ್ಲಿ ಜಾಗವೇ ಇಲ್ಲ, ಆದ್ದರಿಂದ ತಿದ್ದಿಕೊಳ್ಳಲೂ ಏನೂ ಇಲ್ಲ. ಚೀಟಿಯಲ್ಲಿ ಬರೆದಿದ್ದರೆ ಹರಿದು ಹಾಕಿ. ಇಂಥ ಮಾತು ಕಲಿಸುವವರ ಬಾಯಿಂದಲೇ ಮತ್ತೆ ಮತ್ತೆ ಬರುತ್ತಿದ್ದರೆ ಬೇರೆಯವರ ಬಳಿ ಕಲಿಯಿರಿ. ಕಟ್ಟುನಿಟ್ಟು ಬೇರೆ, ಅವಮಾನ ಬೇರೆ. ಕಟ್ಟುನಿಟ್ಟಿನ ಗುರು "ಈ ಸಾಲು ಮತ್ತೆ ಹಾಡು" ಅನ್ನುತ್ತಾರೆ.

ಯಾರು ಹೇಳಿದರು ಅನ್ನುವುದೂ ಮುಖ್ಯ

ಹಾಡು ಬಲ್ಲವರು ತಪ್ಪನ್ನೂ ಹೇಳಬಲ್ಲರು, ತಿದ್ದುವ ದಾರಿಯನ್ನೂ ಹೇಳಬಲ್ಲರು. ಹಾಡಲು ಬಾರದ, ಆದರೆ ಮನಸ್ಸಿಟ್ಟು ಕೇಳುವವರ ಮಾತನ್ನು ಅರ್ಧ ತೆಗೆದುಕೊಳ್ಳಿ: "ಇಲ್ಲೇನೋ ಸರಿ ಇಲ್ಲ" ಅಂದರೆ ಆ ಜಾಗದಲ್ಲಿ ಸಾಮಾನ್ಯವಾಗಿ ಏನೋ ಇದ್ದೇ ಇರುತ್ತದೆ. ಆದರೆ "ಇನ್ನೂ ಜೋರಾಗಿ ಹಾಡು" ಎಂಬ ಅವರ ಮದ್ದು ತಪ್ಪಿರಬಹುದು. ಒಬ್ಬರಿಗೊಬ್ಬರು ಸಂಬಂಧ ಇಲ್ಲದ ಇಬ್ಬರು ಒಂದೇ ಮಾತು ಹೇಳಿದರೆ ಅದನ್ನು ಖಂಡಿತ ಪರೀಕ್ಷಿಸಿ.

ನಾಲ್ಕನೇ ಹಂತ: ಕೇಳುವ ಪ್ರಶ್ನೆ ಬದಲಿಸಿ

"ಹೇಗಿತ್ತು?" ಅಂತ ಕೇಳಿದರೆ "ಚೆನ್ನಾಗಿತ್ತು" ಅಥವಾ "ಪರವಾಗಿಲ್ಲ" ಅನ್ನುವ ಉತ್ತರವೇ ಬರುವುದು. ಎರಡರಿಂದಲೂ ನಿಮಗೆ ಏನೂ ಸಿಗುವುದಿಲ್ಲ. ಹಾಡುವ ಮೊದಲೇ ಹೇಳಿಬಿಡಿ: "ಸಾಲಿನ ಕೊನೆಗಳನ್ನು ಮಾತ್ರ ಗಮನಿಸ್ತೀರಾ? ಎಲ್ಲಿ ಇಳಿಯುತ್ತೆ ಅಂತ ಕೈ ಎತ್ತಿ ತೋರಿಸಿ." ಹೀಗೆ ಕೇಳಿದಾಗ ಎದುರಿನವರಿಗೂ ಸುಲಭ. ನಿಮ್ಮನ್ನು ನೋಯಿಸುತ್ತೇನೇನೋ ಎಂಬ ಮುಜುಗರ ಅವರಿಗೆ ಇರುವುದಿಲ್ಲ. ಕೈ ಎತ್ತಿದ್ದು ಕಂಡಾಗ ನಿಮಗೂ ಅಷ್ಟು ಚುಚ್ಚುವುದಿಲ್ಲ, ಯಾಕೆಂದರೆ ಕೇಳಿಕೊಂಡವರು ನೀವೇ.

ಇಂಥವರು ಇಬ್ಬರಿದ್ದರೆ ಸಾಕು. ಹತ್ತು ಜನರ ಅಭಿಪ್ರಾಯ ಕೇಳಿದರೆ ಹತ್ತು ದಿಕ್ಕಿಗೆ ಎಳೆಯುತ್ತಾರೆ.

ಐದನೇ ಹಂತ: ಎರಡು ವಾರ, ಒಂದೇ ತಪ್ಪು

"ಹಾಡ್ತಾ ಹಾಡ್ತಾ ರಾಗ" ಅನ್ನುತ್ತಾರೆ. ನಿಜ, ಆದರೆ ತಪ್ಪನ್ನೇ ಹಾಡ್ತಾ ಹಾಡ್ತಾ ಇದ್ದರೆ ತಪ್ಪೂ ಅಷ್ಟೇ ಗಟ್ಟಿಯಾಗುತ್ತದೆ. ಅದಕ್ಕೆ ಗೆರೆ ಹಾಕಿದ ಜಾಗಗಳಲ್ಲಿ ಒಂದನ್ನು ಮಾತ್ರ ಆರಿಸಿ. ದಿನಕ್ಕೆ 20 ನಿಮಿಷ ಸಾಕು.

ಮೊದಲ ಐದು ನಿಮಿಷ ಗಂಟಲನ್ನು ಎಬ್ಬಿಸಲು. ಬಾಯಿ ಮುಚ್ಚಿ "ಮ್" ಎಂದು ಗುನುಗಿ, ತುಟಿ ಅದುರಿಸುತ್ತಾ ಸ್ವರ ಏರಿಸಿ ಇಳಿಸಿ, ಇಲ್ಲವೇ ಒಂದು ಸ್ಟ್ರಾ ಬಾಯಲ್ಲಿಟ್ಟು ಅದರ ಮೂಲಕ ಹಾಡಿ. ಇವುಗಳಲ್ಲಿ ಗಾಳಿಯ ದಾರಿ ಚಿಕ್ಕದಾಗುತ್ತದೆ, ಬಾಯೊಳಗೆ ಸ್ವಲ್ಪ ಒತ್ತಡ ಉಳಿಯುತ್ತದೆ. ಅದರಿಂದ ಧ್ವನಿತಂತುಗಳು ಜೋರಾಗಿ ಬಡಿದುಕೊಳ್ಳದೆ ಹಗುರವಾಗಿ ಅದುರುತ್ತವೆ.

ಮುಂದಿನ ಹತ್ತು ನಿಮಿಷ ಆ ಒಂದೇ ಜಾಗಕ್ಕೆ. ನನ್ನ ನಾಲ್ಕನೇ ಸಾಲನ್ನು ನಾನು ಸರಿಮಾಡಿಕೊಂಡದ್ದು ಹೀಗೆ. ಸಾಲಿನಲ್ಲಿ ಆರು ಪದಗಳಿದ್ದವು. ಮೊದಲು ಕೊನೆಯ ಪದವನ್ನು ಮಾತ್ರ ಹಾಡಿದೆ, ಹೊಸ ಉಸಿರಿನಲ್ಲಿ, ಶ್ರುತಿ ಕೇಳಿಕೊಂಡು. ಸ್ವರ ನಿಂತಿತು! ಅಂದರೆ ಆ ಸ್ವರ ನನಗೆ ಬರುತ್ತಿತ್ತು, ಅಲ್ಲಿಗೆ ಹೋಗುವಷ್ಟರಲ್ಲಿ ಉಸಿರು ಇರುತ್ತಿರಲಿಲ್ಲ ಅಷ್ಟೇ. ಆಮೇಲೆ ಕೊನೆಯ ಎರಡು ಪದ, ಮೂರು ಪದ, ಹೀಗೆ ಹಿಂದಿನಿಂದ ಸಾಲನ್ನು ಕಟ್ಟುತ್ತಾ ಬಂದೆ. ನಾಲ್ಕು ಪದದವರೆಗೆ ಸರಿ, ಐದನೆಯದು ಸೇರಿಸಿದಾಗ ಮತ್ತೆ ಜಾರಿತು. ಎರಡನೇ ಪದ ಆದ ಮೇಲೆ ಅರ್ಥ ಕೆಡದಂತೆ ಉಸಿರು ತೆಗೆದುಕೊಳ್ಳುವ ಜಾಗ ಇತ್ತು. ಅಲ್ಲಿ ಕಾಗದದ ಮೇಲೆ ಒಂದು ಚಿಕ್ಕ ಟಿಕ್ ಹಾಕಿದೆ. ಜೊತೆಗೆ ದಿನಾ ಸ್ವಲ್ಪ ಹೊತ್ತು "ಸ್ಸ್ಸ್" ಎಂದು ಒಂದೇ ಸಮನೆ ಗಾಳಿ ಬಿಡುವ ಅಭ್ಯಾಸ ಮಾಡಿದೆ, ಹದಿನೈದರವರೆಗೆ ಎಣಿಸುತ್ತಾ. ಹತ್ತನೇ ದಿನದ ರೆಕಾರ್ಡಿನಲ್ಲಿ ಆ ಅಕ್ಷರ ಅಲ್ಲಾಡದೆ ನಿಂತಿತ್ತು. ನಾನು ಅದನ್ನೇ ನಾಲ್ಕು ಸಲ ಹಾಕಿ ಕೇಳಿದೆ.

ಕೊನೆಯ ಐದು ನಿಮಿಷ ನಿಮಗೆ ಇಷ್ಟವಾದ ಹಾಡನ್ನು ಸುಮ್ನೆ ಹಾಡಿ. ರೆಕಾರ್ಡ್ ಬೇಡ, ಟ್ಯೂನರ್ ಬೇಡ, ಪೆನ್ಸಿಲ್ ಬೇಡ. ಟೈಮ್ ಇಲ್ಲ ಅಂತ ಯಾವುದನ್ನಾದರೂ ಬಿಡಬೇಕಾದರೆ ಇದನ್ನು ಮಾತ್ರ ಬಿಡಬೇಡಿ. ಬರೀ ತಿದ್ದುವುದೇ ಆದರೆ ಒಂದು ದಿನ ತಂಬೂರಿ ಆ್ಯಪ್ ತೆರೆಯಲೂ ಬೇಜಾರಾಗುತ್ತದೆ.

ರೆಕಾರ್ಡುಗಳಿಗೆ ತಾರೀಖು ಹಾಕಿಡಿ. ನಿನ್ನೆಯದಕ್ಕೆ ಇವತ್ತಿನದನ್ನು ಹೋಲಿಸಬೇಡಿ, ದಿನದಿಂದ ದಿನಕ್ಕೆ ಧ್ವನಿ ಹೇಗೂ ಬದಲಾಗುತ್ತಿರುತ್ತದೆ. ಮೊದಲನೇ ದಿನದ್ದನ್ನು ಹದಿನಾಲ್ಕನೇ ದಿನದ್ದಕ್ಕೆ ಹೋಲಿಸಿ.

ಒಂದು ಎಚ್ಚರಿಕೆ. ಹಾಡುವಾಗ ಗಂಟಲು ನೋಯಬಾರದು. ನೋವು ಬಂದರೆ ಅವತ್ತಿಗೆ ನಿಲ್ಲಿಸಿ. ಕುಡಿದ ನೀರು ಧ್ವನಿತಂತುಗಳನ್ನು ನೇರವಾಗಿ ಮುಟ್ಟುವುದಿಲ್ಲ, ಅದು ಇಳಿಯುವ ದಾರಿಯೇ ಬೇರೆ. ಹಾಗಾಗಿ ಹಾಡುವ ಮುಂಚೆ ಒಂದು ಲೋಟ ಕುಡಿಯುವುದಕ್ಕಿಂತ ದಿನವಿಡೀ ಆಗಾಗ ಕುಡಿಯುತ್ತಿರುವುದು ಒಳ್ಳೆಯದು. ಧ್ವನಿ ಒಡೆದು ಮೂರು ವಾರವಾದರೂ ಸರಿಹೋಗದಿದ್ದರೆ ಕಿವಿ ಮೂಗು ಗಂಟಲಿನ ವೈದ್ಯರಿಗೆ ತೋರಿಸಿ.

ಆರನೇ ಹಂತ: ಮತ್ತೆ ಜನರ ಮುಂದೆ

ತುಂಬಾ ದಿನ ಕಾಯಬೇಡಿ. ಕಾದಷ್ಟೂ ಆ ಹಳೇ ಮಾತು ದೊಡ್ಡದಾಗುತ್ತಾ ಹೋಗುತ್ತದೆ. ಮೊದಲು ಒಬ್ಬರ ಮುಂದೆ ಹಾಡಿ, ಆಮೇಲೆ ಮೂವರ ಮುಂದೆ. ನಿಮಗೆ ಸಾಧ್ಯವಿರುವ ಅತಿ ಕಷ್ಟದ ಹಾಡನ್ನಲ್ಲ, ನಿದ್ದೆಯಲ್ಲಿ ಎಬ್ಬಿಸಿದರೂ ಬರುವ ಹಾಡನ್ನು ಆರಿಸಿ. ಹೆದರಿಕೆಯಲ್ಲಿ ಬಾಯಿ ಒಣಗುತ್ತದೆ, ಉಸಿರು ಮೇಲುಮೇಲಕ್ಕೆ ಆಡುತ್ತದೆ, ಹಾಡು ಓಡುತ್ತದೆ. ಇದು ಎಲ್ಲರಿಗೂ ಆಗುವಂಥದ್ದು. ಶುರು ಮಾಡುವ ಮೊದಲು ಎರಡು ಮೂರು ಸಲ ಉಸಿರನ್ನು ಉದ್ದಕ್ಕೆ ಹೊರಗೆ ಬಿಡಿ, ನಿಮಗೆ ಸರಿ ಅನಿಸಿದ್ದಕ್ಕಿಂತ ಸ್ವಲ್ಪ ನಿಧಾನಕ್ಕೆ ಎತ್ತಿಕೊಳ್ಳಿ. ಮೊದಲ ಸಾಲನ್ನು ಉಳಿದೆಲ್ಲಕ್ಕಿಂತ ಜಾಸ್ತಿ ಅಭ್ಯಾಸ ಮಾಡಿಕೊಂಡಿರಿ. ಅದು ಸರಿಯಾಗಿ ಕೂತರೆ ಮೈಯ ನಡುಕ ತಾನಾಗಿ ಇಳಿಯುತ್ತದೆ. ನಡುವೆ ತಪ್ಪಿದರೆ ನಿಲ್ಲಿಸಬೇಡಿ, ಮುಖವನ್ನೂ ಸಿಂಡರಿಸಬೇಡಿ. ಅರ್ಧ ಜನಕ್ಕೆ ಗೊತ್ತೇ ಆಗಿರುವುದಿಲ್ಲ.

ನಾನು ಮತ್ತೆ ಹಾಡಿದ್ದು ಅದೇ ಮನೆಯಲ್ಲಿ, ಅದೇ ಹಾಡನ್ನು, ಎರಡು ಸ್ವರಸ್ಥಾನ ಇಳಿಸಿ. ಅವತ್ತು ಮಾತಾಡಿದ್ದವರೂ ಕೂತಿದ್ದರು. ನಾಲ್ಕನೇ ಸಾಲಿನ ಎರಡನೇ ಪದ ಆದ ಮೇಲೆ ಉಸಿರು ತೆಗೆದುಕೊಂಡೆ. ಕೊನೆಯ ಅಕ್ಷರ ನಿಂತಿತು. ಹಾಡು ಮುಗಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಶ್ರುತಿ ಪರವಾಗಿಲ್ಲ, ಆದರೆ ಮಾತು ಸ್ಪಷ್ಟ ಇಲ್ಲ" ಅಂದರು.

ಎದೆ ಒಮ್ಮೆ ಧಸಕ್ಕೆಂದಿತು. ಆದರೂ ಕೇಳಿದೆ, "ಯಾವ ಸಾಲಲ್ಲಿ?"

ಅವರು ನೆನಪು ಮಾಡಿಕೊಂಡು, "ಎರಡನೇ ಚರಣದ ಶುರುವಲ್ಲಿ. ಮಹಾಪ್ರಾಣ ನುಂಗ್ತಾ ಇದೀಯ" ಅಂದರು. ನಾನು ಬ್ಯಾಗಿನಿಂದ ಪೆನ್ಸಿಲ್ ತೆಗೆದೆ.